ಹೆಜ್ಜೆ ಬದಲಿಸಿದ ಮೇಲೆ ಮೀನಖಂಡ ಹಿಡಿದಿದೆ, ಗುಂಪು ಬಿಡಲೇ?

ಪ್ರಶ್ನೆ: ನನಗೆ 41 ವರ್ಷ, ಬೆಂಗಳೂರಿನ ವಿಜಯನಗರದಲ್ಲಿ ಮನೆ. ಮೂರು ವರ್ಷದಿಂದ ಒಬ್ಬನೇ ಓಡುತ್ತಿದ್ದೆ. ವಾರಕ್ಕೆ ಮೂರು ದಿನ, ಒಟ್ಟು 20 ಕಿ.ಮೀ. 10 ಕಿ.ಮೀ.ಗೆ 64 ನಿಮಿಷ ಬೇಕಾಗುತ್ತಿತ್ತು. ಆಗಾಗ ಮಂಡಿ ನೋವು ಬರುತ್ತಿತ್ತು. ನಾಲ್ಕು ತಿಂಗಳ ಹಿಂದೆ ಕಬ್ಬನ್ ಪಾರ್ಕಿನಲ್ಲಿ ಸೇರುವ ಒಂದು ಓಟದ ಗುಂಪಿಗೆ ಸೇರಿಕೊಂಡೆ. ಅಲ್ಲಿನ ಕೋಚ್ ವಿಡಿಯೊ ತೆಗೆದು ನೋಡಿ, ‘ಹಿಮ್ಮಡಿ ಊರಿ ಓಡುತ್ತಿದ್ದೀರಿ, ಪಾದದ ಮುಂಭಾಗ ಊರಿ, ಕೆಡೆನ್ಸ್ (ನಿಮಿಷಕ್ಕೆ ಹಾಕುವ ಹೆಜ್ಜೆ) 180 ಬರಲಿ’ ಅಂದರು. ಹಾಗೇ ಮಾಡಿದೆ. ಮಂಡಿ ನೋವು ಹೋಯಿತು. ಆದರೆ ಆರು ವಾರದಿಂದ ಎರಡೂ ಮೀನಖಂಡ ಕಲ್ಲಾಗಿವೆ. ಬೆಳಗ್ಗೆ ಹಾಸಿಗೆಯಿಂದ ಇಳಿದರೆ ಬಲಗಾಲಿನ ಹಿಮ್ಮಡಿ ಮೇಲಿನ ನರ ಹಿಡಿದಿರುತ್ತದೆ, ಹತ್ತು ಹೆಜ್ಜೆ ನಡೆದ ಮೇಲೆ ಬಿಡುತ್ತದೆ. ಈಗ ವಾರಕ್ಕೆ 38 ಕಿ.ಮೀ. ಓಡುತ್ತೇನೆ, ಆದರೂ ಮೊದಲಿಗಿಂತ ನಿಧಾನ, ಗುಂಪಿನಲ್ಲಿ ನಾನೇ ಕೊನೆ. ಹಳೆ ರೀತಿಗೆ ಮರಳಲೇ? ಗುಂಪು ಬಿಡಲೇ? ಶೂ ಬದಲಿಸಬೇಕಾ? ನಾಲ್ಕು ತಿಂಗಳಲ್ಲಿ ಹಾಫ್ ಮ್ಯಾರಥಾನ್ (21 ಕಿ.ಮೀ.) ಓಡುವ ಆಸೆ ಇದೆ.

ಉತ್ತರ: ಗುಂಪು ಬಿಡಬೇಡಿ. ಹೊಸ ಹೆಜ್ಜೆಯನ್ನೂ ಪೂರ್ತಿ ಬಿಡಬೇಕಾಗಿಲ್ಲ. ಆದರೆ ಇವೆರಡನ್ನೂ ಒಂದೇ ಹೊತ್ತಿನಲ್ಲಿ ಮಾಡುವುದನ್ನು ಈ ವಾರದಿಂದಲೇ ನಿಲ್ಲಿಸಿ. ನಿಮ್ಮ ತೊಂದರೆ ಇರುವುದು ಅಲ್ಲಿ.

ನಿಮ್ಮ ಪತ್ರವನ್ನು ಇನ್ನೊಮ್ಮೆ ನೀವೇ ಓದಿ ನೋಡಿ. ನಾಲ್ಕು ತಿಂಗಳಲ್ಲಿ ನೀವು ಬದಲಿಸಿದ್ದು ಬರೀ ಪಾದ ಊರುವ ರೀತಿಯನ್ನಲ್ಲ. 20 ಕಿ.ಮೀ. ಇದ್ದದ್ದು 38 ಆಯಿತು, ಅಂದರೆ ಹೆಚ್ಚುಕಮ್ಮಿ ಎರಡು ಪಟ್ಟು. ಒಬ್ಬರೇ ಓಡುವಾಗ ನಿಮ್ಮಿಷ್ಟದ ವೇಗ ಇತ್ತು, ಈಗ ಗುಂಪಿನ ವೇಗ. ಇದರಲ್ಲಿ ಯಾವುದಾದರೂ ಒಂದನ್ನು ಮಾತ್ರ ಬದಲಿಸಿದ್ದರೆ ನಿಮ್ಮ ಕಾಲು ಬಹುಶಃ ತಡೆದುಕೊಳ್ಳುತ್ತಿತ್ತು. ಮೂರೂ ಒಟ್ಟಿಗೆ ಬಂದವು.

ಒಂದು ಸಣ್ಣ ಲೆಕ್ಕ ಹಾಕೋಣ. ಮೊದಲು ನಿಮ್ಮ ಕೆಡೆನ್ಸ್ ನಿಮಿಷಕ್ಕೆ 160 ಹೆಜ್ಜೆ ಇತ್ತು ಅಂದುಕೊಳ್ಳಿ. 64 ನಿಮಿಷದ 10 ಕಿ.ಮೀ.ಗೆ ಸುಮಾರು 10 ಸಾವಿರ ಹೆಜ್ಜೆ. ವಾರಕ್ಕೆ 20 ಕಿ.ಮೀ. ಅಂದರೆ 20 ಸಾವಿರ, ಒಂದೊಂದು ಕಾಲಿಗೆ 10 ಸಾವಿರ. ಈಗ 38 ಕಿ.ಮೀ.ಗೆ, ಹೆಜ್ಜೆಯೂ ಚಿಕ್ಕದಾಗಿರುವುದರಿಂದ, ಒಂದೊಂದು ಕಾಲಿಗೆ 20 ಸಾವಿರಕ್ಕಿಂತ ಜಾಸ್ತಿ. ಮೊದಲಿನ 10 ಸಾವಿರದಲ್ಲಿ ಮೀನಖಂಡಕ್ಕೆ ಸುಲಭದ ಕೆಲಸ ಇತ್ತು. ಈಗಿನ 20 ಸಾವಿರದಲ್ಲಿ ಪ್ರತಿ ಹೆಜ್ಜೆಗೂ ಅದೇ ಮುಂದೆ ನಿಂತು ದುಡಿಯಬೇಕು. ಕಲ್ಲಾಗದೆ ಇನ್ನೇನಾಗುತ್ತದೆ?

ಮುಂಗಾಲು ಊರಿ ಓಡಿದರೆ ಕಾಲಿನ ಮೇಲಿನ ಭಾರ ಕಡಿಮೆಯಾಗುತ್ತದೆ ಅಂತ ಬಹಳ ಜನ ನಂಬಿದ್ದಾರೆ. ಭಾರ ಜಾಗ ಬದಲಿಸುತ್ತದೆ, ಅಷ್ಟೆ. ಹಿಮ್ಮಡಿ ಮೊದಲು ಊರಿದಾಗ ಮಂಡಿ ಮತ್ತು ತೊಡೆಯ ಮುಂಭಾಗ ಹೆಚ್ಚು ಕೆಲಸ ಮಾಡುತ್ತವೆ. ಮುಂಗಾಲು ಮೊದಲು ಊರಿದಾಗ ಆ ಕೆಲಸ ಮೀನಖಂಡಕ್ಕೂ ಅದನ್ನು ಹಿಮ್ಮಡಿಗೆ ಕಟ್ಟಿರುವ ದಪ್ಪ ಹುರಿಗೂ ಬರುತ್ತದೆ. ನೀವು ನರ ಅಂದಿರಲ್ಲ, ಅದು ಈ ಹುರಿ, ಅಕಿಲಿಸ್ ಟೆಂಡನ್. ಓಡುವಾಗ ಅದರ ಮೇಲೆ ಬೀಳುವ ಎಳೆತ ದೇಹದ ತೂಕದ ಆರು ಪಟ್ಟನ್ನೂ ಮೀರಬಹುದು. ನಿಮ್ಮ ಮಂಡಿ ನೋವು ಹೋಗಿ ಹಿಮ್ಮಡಿ ನೋವು ಬಂದಿದ್ದು ಕಾಕತಾಳೀಯ ಅಲ್ಲ. ಮಂಡಿಯಿಂದ ಇಳಿದ ಮೂಟೆಯನ್ನು ಹಿಮ್ಮಡಿ ಹೊತ್ತುಕೊಂಡಿದೆ. ಅದಕ್ಕೆ ಹೊರುವ ಅಭ್ಯಾಸ ಇರಲಿಲ್ಲ.

ಇದನ್ನು ಮನೆಯಲ್ಲೇ ಪರೀಕ್ಷಿಸಬಹುದು. ಬರಿಗಾಲಲ್ಲಿ ನಿಂತು, ಬಗ್ಗಿ, ಒಂದು ಕೈಯಿಂದ ಬಲ ಮೀನಖಂಡ ಹಿಡಿದುಕೊಳ್ಳಿ. ಹಿಮ್ಮಡಿ ನೆಲಕ್ಕೆ ತಾಗಿಸಿ ಮಂಡಿ ಸ್ವಲ್ಪ ಬಾಗಿಸಿ. ಕೈಗೆ ಮೆತ್ತಗೆ ಸಿಗುತ್ತದೆ. ಈಗ ಹಿಮ್ಮಡಿಯನ್ನು ಒಂದು ಅಕ್ಕಿಕಾಳಿನಷ್ಟು ಮಾತ್ರ ಮೇಲೆತ್ತಿ ಮತ್ತೆ ಅದೇ ರೀತಿ ಬಾಗಿಸಿ. ಸ್ನಾಯು ತಟ್ಟನೆ ಗಟ್ಟಿಯಾಗುತ್ತದೆ. ಅಷ್ಟು ಸಣ್ಣ ಬದಲಾವಣೆಗೆ ಇಷ್ಟು ಕೆಲಸ. ಅದನ್ನೇ ವಾರಕ್ಕೆ 20 ಸಾವಿರ ಸಲ ಮಾಡಿ ಅಂತ ಹೇಳಿದ್ದೀರಿ ಕಾಲಿಗೆ.

ಹಾಗಾದರೆ ಹಿಮ್ಮಡಿ ಊರುವುದು ತಪ್ಪಾ? ಜಪಾನಿನ ಸಪ್ಪೊರೊದಲ್ಲಿ 2004ರ ಹಾಫ್ ಮ್ಯಾರಥಾನ್‌ನಲ್ಲಿ ಸಂಶೋಧಕರು 15ನೇ ಕಿ.ಮೀ. ಹತ್ತಿರ ಕ್ಯಾಮೆರಾ ಇಟ್ಟು ಒಳ್ಳೊಳ್ಳೆಯ ಓಟಗಾರರ ಪಾದಗಳನ್ನು ಚಿತ್ರೀಕರಿಸಿದರು. ಸುಮಾರು 75% ಜನ ಹಿಮ್ಮಡಿಯನ್ನೇ ಮೊದಲು ಊರುತ್ತಿದ್ದರು. ಪೂರ್ತಿ ಮುಂಗಾಲಿನಲ್ಲಿ ಇಳಿದವರು 100ರಲ್ಲಿ ಒಬ್ಬಿಬ್ಬರು. ಅವರೆಲ್ಲ ನಮ್ಮ ನಿಮ್ಮಂಥ ಭಾನುವಾರದ ಓಟಗಾರರಲ್ಲ, ನೆನಪಿರಲಿ. ಹಿಮ್ಮಡಿ ಊರಿಯೂ ಚೆನ್ನಾಗಿ ಓಡಬಹುದು, ಎಷ್ಟೋ ವರ್ಷ ನೋವಿಲ್ಲದೆ ಓಡಬಹುದು.

ನೋಡಬೇಕಾದ್ದು ಪಾದದ ಯಾವ ಭಾಗ ಊರುತ್ತದೆ ಅನ್ನುವುದಕ್ಕಿಂತ ಹೆಚ್ಚಾಗಿ, ಪಾದ ಎಲ್ಲಿ ಊರುತ್ತದೆ ಅನ್ನುವುದನ್ನು. ಕೋಚ್ ತೆಗೆದ ವಿಡಿಯೊ ನಿಮ್ಮ ಫೋನಿನಲ್ಲಿ ಇದ್ದರೆ, ಪಾದ ನೆಲಕ್ಕೆ ತಾಗುವ ಕ್ಷಣಕ್ಕೆ ನಿಲ್ಲಿಸಿ. ಮಂಡಿ ನೆಟ್ಟಗಿದೆಯಾ, ಪಾದ ಸೊಂಟಕ್ಕಿಂತ ತುಂಬಾ ಮುಂದೆ ಚಾಚಿದೆಯಾ? ಹಾಗಿದ್ದರೆ ಪ್ರತಿ ಹೆಜ್ಜೆಯೂ ಒಂದು ಸಣ್ಣ ಬ್ರೇಕ್. ಆಕ್ಸಿಲರೇಟರ್ ಕೊಡುತ್ತಲೇ ಬ್ರೇಕ್ ತುಳಿಯುವ ಆಟೋ ಹಾಗೆ. ಮಂಡಿಗೆ ಬೀಳುವ ಪೆಟ್ಟು ಬಹುಮಟ್ಟಿಗೆ ಅಲ್ಲಿಂದ ಬರುತ್ತದೆ. ಪಾದ ಸೊಂಟಕ್ಕೆ ಹತ್ತಿರ ಇಳಿದು, ಮಂಡಿ ಸ್ವಲ್ಪ ಬಾಗಿದ್ದರೆ ಸಾಕು. ಆಮೇಲೆ ಹಿಮ್ಮಡಿ ಮೊದಲು ತಾಗಿದರೂ ಸರಿ, ಇಡೀ ಅಂಗಾಲು ಒಟ್ಟಿಗೆ ತಾಗಿದರೂ ಸರಿ. ನಿಮ್ಮ ಕೋಚ್ ಕಂಡ ದೋಷ ನಿಜವಾಗಿಯೂ ಇದೇ ಇರಬಹುದು. ಅವರ ಕಣ್ಣು ಸರಿಯಿತ್ತು, ಹೇಳಿದ ಮದ್ದು ಸ್ವಲ್ಪ ಜೋರಾಯಿತು ಅಂತ ನನಗನ್ನಿಸುತ್ತದೆ.

ಇನ್ನು ಆ 180. ಈ ಸಂಖ್ಯೆ ಬಂದದ್ದು 1984ರ ಲಾಸ್ ಏಂಜಲೀಸ್ ಒಲಿಂಪಿಕ್ಸ್‌ನಿಂದ. ಅಮೆರಿಕದ ಕೋಚ್ ಜ್ಯಾಕ್ ಡೇನಿಯಲ್ಸ್ ಅಲ್ಲಿ ಕೂತು ಓಟಗಾರರ ಹೆಜ್ಜೆ ಎಣಿಸಿದರು. ದೂರದ ಓಟದವರಲ್ಲಿ ಬಹುತೇಕ ಎಲ್ಲರೂ ನಿಮಿಷಕ್ಕೆ 180 ಅಥವಾ ಅದಕ್ಕಿಂತ ಹೆಚ್ಚು ಹೆಜ್ಜೆ ಹಾಕುತ್ತಿದ್ದರು. ಅವರು ಎಣಿಸಿದ್ದು ಒಲಿಂಪಿಕ್ಸ್ ಓಟಗಾರರನ್ನು, ಅದೂ ಸ್ಪರ್ಧೆಯಲ್ಲಿ. ಅದೇ ಓಟಗಾರರು ಬೆಳಗ್ಗೆ ಮೈ ಸಡಿಲಿಸಲು ಓಡುವಾಗ ಅಷ್ಟು ಹಾಕಬೇಕೆಂದೇನಿಲ್ಲ. ವೇಗ ಕಮ್ಮಿಯಾದರೆ ಕೆಡೆನ್ಸ್ ಕೂಡ ಸ್ವಲ್ಪ ಇಳಿಯುತ್ತದೆ, ಉದ್ದ ಕಾಲಿನವರಿಗೆ ಇನ್ನೂ ಇಳಿಯುತ್ತದೆ. ಕಿಲೊಮೀಟರಿಗೆ ಆರೂವರೆ ನಿಮಿಷದಲ್ಲಿ ಓಡುವ ನಿಮಗೆ 180 ಒಂದು ಕಟ್ಟಳೆ ಆಗಬೇಕಾಗಿಲ್ಲ.

ನಿಮ್ಮ ಸ್ವಂತ ಸಂಖ್ಯೆ ಹುಡುಕಿ. ಆರಾಮವಾಗಿ ಓಡುವಾಗ 30 ಸೆಕೆಂಡ್ ಬಲಗಾಲು ಊರುವುದನ್ನಷ್ಟೇ ಎಣಿಸಿ, ನಾಲ್ಕರಿಂದ ಗುಣಿಸಿ. 40 ಬಂದರೆ 160. ಅದಕ್ಕೆ 5% ಸೇರಿಸಿದರೆ 168. ಅಷ್ಟೇ ನಿಮ್ಮ ಗುರಿ. ಅಮೆರಿಕದ ವಿಸ್ಕಾನ್ಸಿನ್‌ನ ಸಂಶೋಧಕರು 2011ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ 45 ಹವ್ಯಾಸಿ ಓಟಗಾರರನ್ನು ಟ್ರೆಡ್‌ಮಿಲ್ ಮೇಲೆ ಓಡಿಸಿ ಇದನ್ನು ಅಳೆದರು. ವೇಗ ಅದೇ ಇಟ್ಟು ಹೆಜ್ಜೆಯನ್ನು 5% ಹೆಚ್ಚಿಸಿದಾಗ ಮಂಡಿ ಹೀರಿಕೊಳ್ಳಬೇಕಾದ ಪೆಟ್ಟು ಸುಮಾರು ಐದನೇ ಒಂದು ಭಾಗ ಇಳಿಯಿತು. ಅಂದರೆ ನಿಮ್ಮ ಮಂಡಿಯನ್ನು ಉಳಿಸಲು ತುದಿಗಾಲಲ್ಲಿ ಕುಣಿಯಬೇಕಾಗಿರಲಿಲ್ಲ. ಹೆಜ್ಜೆ ಒಂಚೂರು ಚಿಕ್ಕದು ಮಾಡಿದ್ದರೆ ಸಾಕಿತ್ತು.

ಇದನ್ನು ನಾನು ಇಷ್ಟು ಒತ್ತಿ ಹೇಳುವುದಕ್ಕೆ ಕಾರಣ ಇದೆ. 2010ರ ಆಸುಪಾಸಿನಲ್ಲಿ ಬರಿಗಾಲಿನಂಥ ತೆಳ್ಳನೆಯ ಶೂಗಳ ಗಾಳಿ ಬೀಸಿತ್ತು. ಆಗ ಫಿಸಿಯೊಥೆರಪಿ ಕೆಲಸಕ್ಕೆ ಸೇರಿ ನನಗೆ ಕೆಲವೇ ವರ್ಷ ಆಗಿತ್ತು, ನಾನೂ ಒಂದು ಗುಂಪಿನ ಜೊತೆ ಓಡುತ್ತಿದ್ದೆ. ಗುಂಪಿನಲ್ಲಿ ಎಲ್ಲರೂ ಬದಲಾದರು, ನಾನೂ ಬದಲಾದೆ. ಮೊದಲ ತಿಂಗಳು ಹಕ್ಕಿ ಹಾರಿದ ಹಾಗಿತ್ತು. ಏಳನೇ ವಾರ ಬಲಪಾದದ ಮೇಲ್ಭಾಗದಲ್ಲಿ, ಎರಡನೇ ಬೆರಳಿನ ಹಿಂದೆ, ಸಣ್ಣ ನೋವು ಶುರುವಾಯಿತು. ಶೂ ದಾರ ಬಿಗಿಯಾಗಿರಬೇಕು ಅಂತ ಸಡಿಲಿಸಿ ಓಡಿದೆ. ಭಾನುವಾರ 16 ಕಿ.ಮೀ. ಇತ್ತು, ಗುಂಪು ಹೊರಟಿತ್ತು, ಬಿಡಲು ಮನಸ್ಸಾಗಲಿಲ್ಲ. ಮಂಗಳವಾರ ಮನೆಯ ಮೆಟ್ಟಿಲು ಹತ್ತಲು ಆಗಲಿಲ್ಲ. ಎಂಆರ್‌ಐನಲ್ಲಿ ಸ್ಟ್ರೆಸ್ ಫ್ರ್ಯಾಕ್ಚರ್ ಕಂಡಿತು, ಮೂಳೆಯಲ್ಲಿ ಕೂದಲೆಳೆಯಷ್ಟು ಬಿರುಕು. ಎರಡೂವರೆ ತಿಂಗಳು ಓಟ ಇಲ್ಲ. ನನಗೆ ಆ ಶೂ ಹಾಕಿ ಅಂದವರ ಮೇಲೆ ಸಿಟ್ಟಿಲ್ಲ. ನೋವು ಬಂದ ದಿನವೇ ನಿಲ್ಲು ಅಂತ ಹೇಳುವವರು ಯಾರೂ ಇರಲಿಲ್ಲವಲ್ಲ ಅನ್ನುವ ಬೇಸರ ಮಾತ್ರ ಈಗಲೂ ಇದೆ.

2013ರಲ್ಲಿ ಪ್ರಕಟವಾದ ಒಂದು ಅಧ್ಯಯನ ಓದಿದಾಗ ನನಗೆ ಆಗಿದ್ದು ಏನು ಅಂತ ಅರ್ಥವಾಯಿತು. ಮಾಮೂಲಿ ಶೂ ಹಾಕುತ್ತಿದ್ದ ಓಟಗಾರರನ್ನು ಹತ್ತು ವಾರದಲ್ಲಿ ಅಂಥ ತೆಳ್ಳನೆಯ ಶೂಗೆ ಬದಲಿಸಿ, ಎಂಆರ್‌ಐ ಮಾಡಿ ನೋಡಿದ್ದರು. ಬದಲಿಸಿದ 19 ಜನರಲ್ಲಿ 10 ಜನರ ಪಾದದ ಮೂಳೆಯೊಳಗೆ ಬಾವು ಹೆಚ್ಚಾಗಿತ್ತು. ಹತ್ತು ವಾರ ಅಂದರೆ ನಿಧಾನ ಅಂತಲೇ ನಾವೆಲ್ಲ ಅಂದುಕೊಂಡಿದ್ದೆವು. ಮೂಳೆಗೆ ಅದು ಅವಸರವಾಗಿತ್ತು.

ದೇಹದ ಎಲ್ಲ ಭಾಗಗಳೂ ಒಂದೇ ವೇಗದಲ್ಲಿ ಪಳಗುವುದಿಲ್ಲ. ಉಸಿರು ಬೇಗ ಪಳಗುತ್ತದೆ, ಎರಡು ಮೂರು ವಾರದಲ್ಲೇ ಏದುಸಿರು ಕಮ್ಮಿಯಾಗುತ್ತದೆ. ಸ್ನಾಯುವಿಗೆ ಕೆಲವು ವಾರ ಬೇಕು. ಹುರಿಗೆ ತಿಂಗಳುಗಳು ಬೇಕು, ಏಕೆಂದರೆ ಅದರಲ್ಲಿ ರಕ್ತದ ಓಡಾಟ ಕಡಿಮೆ. ಮೂಳೆಯದು ಇನ್ನೊಂದು ಥರ. ಹೊಸ ಭಾರ ಬಿದ್ದಾಗ ಅದು ಮೊದಲು ಹಳೆಯದನ್ನು ಸ್ವಲ್ಪ ಕರಗಿಸಿ, ಆಮೇಲೆ ಗಟ್ಟಿಯಾಗಿ ಕಟ್ಟುತ್ತದೆ. ಹಳೆ ಮನೆಯ ಗೋಡೆ ಒಡೆದು ಹೊಸದು ಕಟ್ಟುವ ಹಾಗೆ. ನಡುವೆ ಕೆಲವು ವಾರ ಗೋಡೆ ಇರುವುದಿಲ್ಲ. ಆ ವಾರಗಳಲ್ಲೇ ‘ಉಸಿರು ಚೆನ್ನಾಗಿದೆ, ಇನ್ನೂ ಓಡಬಹುದು’ ಅಂತ ಅನ್ನಿಸುವುದು. ಗುಂಪಿಗೆ ಹೊಸದಾಗಿ ಸೇರಿದವರು ಎರಡು ಮೂರು ತಿಂಗಳಿಗೆ ನನ್ನ ಹತ್ತಿರ ಬರುವುದು ಇದೇ ಕಾರಣಕ್ಕೆ.

ಈಗ ಗುಂಪಿನ ವಿಷಯ. ಈ ಊರಿನಲ್ಲಿ ಓಟದ ಗುಂಪುಗಳು ಮಾಡಿರುವ ಉಪಕಾರ ದೊಡ್ಡದು. 2008ರಲ್ಲಿ ವರ್ಲ್ಡ್ 10ಕೆ ಅನ್ನುವ 10 ಕಿ.ಮೀ. ಓಟದ ಸ್ಪರ್ಧೆ ಇಲ್ಲಿ ಶುರುವಾದ ಮೇಲೆ ಬಡಾವಣೆ ಬಡಾವಣೆಗೂ ಒಂದೊಂದು ಗುಂಪು ಹುಟ್ಟಿದ್ದನ್ನು ನಾನು ಕಣ್ಣಾರೆ ನೋಡಿದ್ದೇನೆ. ಡಿಸೆಂಬರಿನ ಚಳಿಯಲ್ಲಿ ಐದು ಗಂಟೆಗೆ ಏಳಿಸುವುದು ಅಲಾರಾಂ ಅಲ್ಲ, ಅಲ್ಲಿ ಕಾಯುತ್ತಿರುವ ನಾಲ್ಕು ಜನ. ಕತ್ತಲಲ್ಲಿ ಬೀದಿನಾಯಿಗಳ ನಡುವೆ ಒಬ್ಬರೇ ಓಡುವುದಕ್ಕೂ ಹತ್ತು ಜನರ ಜೊತೆ ಓಡುವುದಕ್ಕೂ ಇರುವ ವ್ಯತ್ಯಾಸ ಹೆಣ್ಣುಮಕ್ಕಳನ್ನು ಕೇಳಿದರೆ ಗೊತ್ತಾಗುತ್ತದೆ. ಓಟ ಮುಗಿದ ಮೇಲೆ ಇಡ್ಲಿ ಕಾಫಿಗೆ ಕೂತಾಗ ಸಿಗುವ ಸ್ನೇಹ ಇದೆಯಲ್ಲ, ಅದಕ್ಕೆ ಬೆಲೆ ಕಟ್ಟಲಾಗದು. ಆದ್ದರಿಂದ ಗುಂಪು ಬಿಡಿ ಅಂತ ನಾನು ಯಾರಿಗೂ ಸುಲಭವಾಗಿ ಹೇಳುವುದಿಲ್ಲ.

ಆದರೆ ಗುಂಪಿಗೆ ಒಂದು ಸೆಳೆತ ಇರುತ್ತದೆ. ಪಕ್ಕದವರ ಹೆಜ್ಜೆಯ ಸದ್ದಿಗೆ ನಮ್ಮ ಹೆಜ್ಜೆ ತಾನಾಗಿಯೇ ಸೇರಿಕೊಳ್ಳುತ್ತದೆ. ಮಾತಾಡುತ್ತಾ ಇದ್ದಕ್ಕಿದ್ದ ಹಾಗೆ ಕಿಲೊಮೀಟರಿಗೆ ಇಪ್ಪತ್ತು ಸೆಕೆಂಡ್ ವೇಗ ಏರಿರುತ್ತದೆ, ಯಾರಿಗೂ ಗೊತ್ತೇ ಆಗಿರುವುದಿಲ್ಲ. ಬೆಂಗಳೂರಿನ ತಂಪು ಬೆಳಗ್ಗೆ ಬೆವರು ಹರಿಯುವುದು ತಡವಾಗುವುದರಿಂದ ಇನ್ನೂ ಮೋಸ ಹೋಗುತ್ತೇವೆ. ಆರಾಮದ ಓಟ ಅಂತ ಬರೆದಿರುವ ದಿನವೂ ಹೊಸಬರಿಗೆ ಅದು ಗಟ್ಟಿ ಓಟವೇ. ಇದನ್ನು ಕಂಡುಹಿಡಿಯಲು ವಾಚ್ ಬೇಡ. ಪಕ್ಕದವರಿಗೆ ನಿನ್ನೆ ಆಫೀಸಿನಲ್ಲಿ ಆಗಿದ್ದನ್ನು ಪೂರ್ತಿ ವಾಕ್ಯದಲ್ಲಿ, ನಡುವೆ ಉಸಿರು ಕಡಿಯದೆ ಹೇಳಲು ಆಗುತ್ತದಾ? ಆಗುವುದಾದರೆ ಅದು ಆರಾಮದ ಓಟ. ‘ಹೂಂ’, ‘ಹೌದು’ ಇಷ್ಟೇ ಬರುತ್ತಿದ್ದರೆ ಅಲ್ಲ.

ದಣಿದ ಕಾಲು ಹೊಸದನ್ನು ಕಲಿಯುವುದಿಲ್ಲ. ಹೊಸ ಹೆಜ್ಜೆ ಕಲಿಯಲು ಗಮನ ಬೇಕು, ಕಾಲು ತಾಜಾ ಇರಬೇಕು, ವೇಗದ ಒತ್ತಡ ಇರಬಾರದು. ಗುಂಪಿನ ಓಟದಲ್ಲಿ ಈ ಮೂರೂ ಇರುವುದಿಲ್ಲ. ಇದರ ಮೇಲೆ ಒಬ್ಬರು ‘ಕೈ ಬಿಗಿ ಹಿಡಿಯಬೇಡಿ’ ಅನ್ನುತ್ತಾರೆ, ಇನ್ನೊಬ್ಬರು ‘ಸೊಂಟ ಮುಂದೆ’ ಅನ್ನುತ್ತಾರೆ, ಮತ್ತೊಬ್ಬರು ‘ಮಂಡಿ ಎತ್ತಿ’ ಅನ್ನುತ್ತಾರೆ. ಎಲ್ಲರೂ ಒಳ್ಳೆಯ ಮನಸ್ಸಿನಿಂದಲೇ ಹೇಳುವುದು. ಆದರೆ ಒಂದು ಸಲಕ್ಕೆ ಒಂದೇ ಸೂಚನೆ ತಲೆಯಲ್ಲಿ ಇರಲಿ, ಅದೂ ಕನಿಷ್ಠ ಎರಡು ಮೂರು ವಾರ.

ಯಾವ ಸೂಚನೆ? ನಾನು ಹೆಚ್ಚಾಗಿ ಕೊಡುವುದು ಒಂದೇ: ಸದ್ದು ಕಮ್ಮಿ ಮಾಡಿ. ಹೋದ ವರ್ಷ ಬಸವನಗುಡಿಯ ಒಬ್ಬ ಶಿಕ್ಷಕಿ ಮಂಡಿ ನೋವಿಗೆ ಬಂದಿದ್ದರು. ಭಾನುವಾರ ವಾಹನ ಇಲ್ಲದ ಹೊತ್ತಿನಲ್ಲಿ ಕಬ್ಬನ್ ಪಾರ್ಕಿನ ಬ್ಯಾಂಡ್‌ಸ್ಟ್ಯಾಂಡ್ ಹತ್ತಿರ ಅವರನ್ನು ಓಡಿಸಿ ನೋಡಿದೆ. ಇನ್ನೂ ಪೂರ್ತಿ ಬೆಳಕಾಗಿರಲಿಲ್ಲ. ಅವರು ಬರುವುದು ಕಾಣುವ ಮೊದಲೇ ಕೇಳುತ್ತಿತ್ತು, ದಪ್ ದಪ್ ಅಂತ, ಎಡಗಾಲಿಗಿಂತ ಬಲಗಾಲು ಜೋರು. ಪಾದದ ಬಗ್ಗೆ ನಾನು ಏನೂ ಹೇಳಲಿಲ್ಲ. ‘ಮನೆಯಲ್ಲಿ ಮಗು ಮಲಗಿದೆ ಅಂದುಕೊಂಡು ಓಡಿ’ ಅಂದೆ. ಎರಡನೇ ಸುತ್ತಿಗೆ ಹೆಜ್ಜೆ ಚಿಕ್ಕದಾಯಿತು, ಭುಜ ಇಳಿಯಿತು, ಮಂಡಿ ತಾನಾಗಿಯೇ ಬಾಗಿತು. ಮೂರನೇ ಸುತ್ತಿಗೆ ಅವರು ನನ್ನ ಪಕ್ಕಕ್ಕೆ ಬರುವವರೆಗೂ ಬಿದಿರಿನ ಎಲೆಯ ಸದ್ದಷ್ಟೇ ಇತ್ತು. ನಾಲ್ಕು ನಿಮಿಷ ಹಾಗೆ ಓಡಿ, ಸುಸ್ತಾದ ತಕ್ಷಣ ಮತ್ತೆ ದಪ್ ದಪ್ ಶುರುವಾಯಿತು. ಅಲ್ಲಿಗೆ ನಿಲ್ಲಿಸಿದೆವು. ಆ ದಿನದ ಪಾಠಕ್ಕೆ ಅವರ ಕಾಲಿಗೆ ಇದ್ದ ಶಕ್ತಿ ನಾಲ್ಕು ನಿಮಿಷದ್ದು.

ನಿಧಾನವಾಗಿದ್ದಕ್ಕೆ ಬೇಜಾರು ಮಾಡಿಕೊಂಡಿದ್ದೀರಿ. ಅದು ಸಹಜ. ವರ್ಷಗಟ್ಟಲೆ ಓಡಿದ ದೇಹ ತನಗೆ ಕಡಿಮೆ ಖರ್ಚಿನ ಹೆಜ್ಜೆಯನ್ನು ತಾನೇ ಹುಡುಕಿಕೊಂಡಿರುತ್ತದೆ. ಅದನ್ನು ಬದಲಿಸಿದರೆ ಅದೇ ವೇಗಕ್ಕೆ ಸ್ವಲ್ಪ ಸಮಯ ಜಾಸ್ತಿ ಆಮ್ಲಜನಕ ಬೇಕಾಗುತ್ತದೆ. ಹೆಜ್ಜೆ ಬದಲಿಸಿದ ಕೂಡಲೇ ವೇಗ ಬರುತ್ತದೆ ಅಂತ ಯಾರಾದರೂ ಹೇಳಿದ್ದರೆ ಅದನ್ನು ಮರೆತುಬಿಡಿ. ಹೆಜ್ಜೆ ಬದಲಿಸಲು ಒಳ್ಳೆಯ ಕಾರಣ ನೋವು. ನೋವೇ ಇಲ್ಲದವರು ಸುಮ್ನೆ ವಿಡಿಯೊ ಚೆನ್ನಾಗಿ ಕಾಣಲಿ ಅಂತ ಬದಲಿಸುವುದು ನನಗೆ ಒಪ್ಪಿಗೆಯಿಲ್ಲ. ನಿಮಗೆ ಮಂಡಿ ನೋವು ಇತ್ತು, ಹಾಗಾಗಿ ನಿಮ್ಮ ಪ್ರಯತ್ನ ಸರಿ. ಪ್ರಮಾಣ ಹೆಚ್ಚಾಯಿತು.

ಮುಂದಿನ ಎರಡು ವಾರ ಹೀಗೆ ಮಾಡಿ. ವಾರದ ದೂರವನ್ನು 20ರಿಂದ 22 ಕಿ.ಮೀ.ಗೆ ಇಳಿಸಿ, ಮೂರು ದಿನ ಸಾಕು. ಇಂಟರ್ವಲ್ (ನಡುನಡುವೆ ಬಿಡುವು ಕೊಟ್ಟು ಜೋರಾಗಿ ಓಡುವುದು), ಟೆಂಪೊ (ಗಟ್ಟಿ ವೇಗದಲ್ಲಿ ಬಿಡದೆ ಓಡುವುದು) ಎರಡೂ ಬೇಡ. ಏರು ರಸ್ತೆಯೂ ಬೇಡ, ಏಕೆಂದರೆ ಏರಿನಲ್ಲಿ ಎಂಥವರೂ ಮುಂಗಾಲಿನ ಮೇಲೆ ಬರುತ್ತಾರೆ, ಹಿಮ್ಮಡಿ ಹುರಿ ಇನ್ನೂ ಎಳೆಯುತ್ತದೆ. ಲಾಲ್‌ಬಾಗ್ ಬಂಡೆ, ನಂದಿ ಬೆಟ್ಟ ಎಲ್ಲ ಆಮೇಲೆ. ಈ ಎರಡು ವಾರ ನಿಮ್ಮ ಹಳೆ ಹೆಜ್ಜೆಯಲ್ಲೇ, ಸ್ವಲ್ಪ ಚಿಕ್ಕದಾಗಿ ಓಡಿ. ಹಿಮ್ಮಡಿ ತಾಗಿದರೆ ತಾಗಲಿ. ಪೂರ್ತಿ ಮಲಗಿ ವಿಶ್ರಾಂತಿ ತೆಗೆದುಕೊಳ್ಳುವುದು ಒಳ್ಳೆಯದಲ್ಲ, ಹುರಿಗೆ ಹದವಾದ ಕೆಲಸ ಇದ್ದರೆ ಅದು ಬೇಗ ಸುಧಾರಿಸುತ್ತದೆ.

ಹದವಾದ ಕೆಲಸ ಅಂದರೆ ಹಿಮ್ಮಡಿ ಎತ್ತುವುದು. ಗೋಡೆಗೆ ಎರಡು ಬೆರಳು ಆನಿಸಿ, ಸಮತಟ್ಟು ನೆಲದಲ್ಲಿ ಎರಡೂ ಕಾಲಿನ ಹಿಮ್ಮಡಿ ಎತ್ತಿ. ಮೇಲೇರಲು ಎರಡು ಎಣಿಕೆ, ಇಳಿಯಲು ಮೂರು ಎಣಿಕೆ. 15 ಸಲ, ಮೂರು ಸುತ್ತು, ದಿನ ಬಿಟ್ಟು ದಿನ. ಒಂದು ಸುತ್ತು ಮಂಡಿ ನೆಟ್ಟಗೆ ಇಟ್ಟು, ಇನ್ನೊಂದು ಸುತ್ತು ಮಂಡಿ ಬಾಗಿಸಿ. ಬಾಗಿಸಿದಾಗ ಒಳಗಿನ ಸೋಲಿಯಸ್ ಸ್ನಾಯುವಿಗೆ ಕೆಲಸ ಬೀಳುತ್ತದೆ, ಓಟದಲ್ಲಿ ಹೆಚ್ಚು ದುಡಿಯುವುದು ಅದೇ. ಎರಡು ವಾರ ಕಳೆದು ಇದು ಸುಲಭ ಅನ್ನಿಸಿದರೆ ಒಂದೇ ಕಾಲಿನಲ್ಲಿ ಮಾಡಿ. ಸ್ವೀಡನ್ನಿನ ವೈದ್ಯ ಹಾಕನ್ ಆಲ್ಫ್ರೆಡ್‌ಸನ್ 1998ರಲ್ಲಿ ಹಿಮ್ಮಡಿಯನ್ನು ನಿಧಾನವಾಗಿ ಇಳಿಸುವ ಇಂಥದೇ ವ್ಯಾಯಾಮವನ್ನು 12 ವಾರ ಮಾಡಿಸಿ, ಹಟಮಾರಿ ಅಕಿಲಿಸ್ ನೋವಿದ್ದ ಓಟಗಾರರನ್ನು ಮತ್ತೆ ಓಡಿಸಿದ್ದರು. ಗಮನಿಸಿ, 12 ವಾರ. ಹತ್ತು ದಿನ ಮಾಡಿ ಗುಣವಾಗಲಿಲ್ಲ ಅಂತ ಬಿಡಬೇಡಿ. ಒಂದೇ ಕಾಲಿನಲ್ಲಿ, ಪೂರ್ತಿ ಎತ್ತರಕ್ಕೆ, 25 ಸಲ ಎತ್ತಲು ಆಗುವವರೆಗೆ ನಿಮ್ಮ ಮೀನಖಂಡ ಮುಂಗಾಲಿನ ಓಟಕ್ಕೆ ತಯಾರಾಗಿಲ್ಲ ಅಂತ ನಾನು ಲೆಕ್ಕ ಹಾಕುತ್ತೇನೆ.

ದಿನಾ ಬೆಳಗ್ಗೆ ಹಾಸಿಗೆಯಿಂದ ಇಳಿದಾಗಿನ ಬಿಗಿತಕ್ಕೆ ಸೊನ್ನೆಯಿಂದ ಹತ್ತರವರೆಗೆ ಒಂದು ಅಂಕ ಕೊಟ್ಟು ಕ್ಯಾಲೆಂಡರಿನಲ್ಲಿ ಬರೆಯಿರಿ. ಓಡುವಾಗಿನ ನೋವಿಗಿಂತ ಮರುದಿನ ಬೆಳಗಿನ ಬಿಗಿತ ಹೆಚ್ಚು ನಿಜ ಹೇಳುತ್ತದೆ. ನಿನ್ನೆಗಿಂತ ಅಂಕ ಏರಿದ್ದರೆ ನಿನ್ನೆಯ ಓಟ ಜಾಸ್ತಿಯಾಯಿತು ಅಂತ ಅರ್ಥ. ಇಳಿಯುತ್ತಾ ಮೂರರೊಳಗೆ ಬಂದು ಅಲ್ಲೇ ನಿಂತರೆ ಮುಂದಕ್ಕೆ ಹೋಗಬಹುದು.

ಮೂರನೇ ವಾರದಿಂದ ಹೊಸ ಹೆಜ್ಜೆಯನ್ನು ಚೂರು ಚೂರಾಗಿ ತನ್ನಿ. ನಾಲ್ಕು ನಿಮಿಷ ಮಾಮೂಲಿ ಓಟ, ಒಂದು ನಿಮಿಷ 168ರ ಕೆಡೆನ್ಸ್‌ನಲ್ಲಿ ಸದ್ದಿಲ್ಲದ ಹೆಜ್ಜೆ. ಹೀಗೆ ಐದು ಸಲ. ಫೋನಿನಲ್ಲಿ ಮೆಟ್ರೊನೋಮ್, ಅಂದರೆ ಟಕ್ ಟಕ್ ಅಂತ ತಾಳ ಹಾಕುವ ಆ್ಯಪ್, ಹಾಕಿಕೊಂಡರೆ ಸುಲಭ. ಮುಂಗಾಲು ಊರಬೇಕು ಅಂತ ಯೋಚಿಸಲೇಬೇಡಿ. ಪಾದ ಸೊಂಟದ ಕೆಳಗೆ ಇಳಿಯಲಿ, ಯಾವ ಭಾಗ ಮೊದಲು ಅನ್ನುವುದನ್ನು ಅದೇ ತೀರ್ಮಾನಿಸಲಿ. ವಾರಕ್ಕೆ ಒಂದು ನಿಮಿಷ ಹೊಸದಕ್ಕೆ ಸೇರಿಸಿ, ಹಳೆಯದರಿಂದ ಕಳೆಯಿರಿ. ಹೊಸ ಹೆಜ್ಜೆಯ ನಿಮಿಷ ಏರಿಸಿದ ವಾರ ಕಿಲೊಮೀಟರ್ ಏರಿಸಬೇಡಿ. ಕಿಲೊಮೀಟರ್ ಏರಿಸಿದ ವಾರ ವೇಗ ಏರಿಸಬೇಡಿ. ಇದೊಂದನ್ನು ಪಾಲಿಸಿದರೆ ನನ್ನಂಥವರ ಹತ್ತಿರ ಬರುವ ಅರ್ಧ ಜನ ಬರುವುದೇ ಇಲ್ಲ.

ಕೋಚ್ ಹತ್ತಿರ ಮಾತಾಡಲು ಸಂಕೋಚ ಬೇಡ. ‘ನಿಮ್ಮ ಮಾತಿನಿಂದ ಮಂಡಿ ಸರಿಹೋಗಿದೆ, ಆದರೆ ಬಲ ಅಕಿಲಿಸ್ ಬೆಳಗ್ಗೆ ಹಿಡಿಯುತ್ತಿದೆ. ಎಂಟು ವಾರ ಇಂಟರ್ವಲ್ ಬಿಡುತ್ತೇನೆ, ಆರಾಮದ ಓಟಕ್ಕೆ ಮಾತ್ರ ನಿಧಾನದ ಪೇಸರ್ (ಗುಂಪಿಗೆ ವೇಗ ಹಿಡಿದು ಓಡಿಸುವವರು) ಜೊತೆ ಬರುತ್ತೇನೆ’ ಅಂತ ನೇರವಾಗಿ ಹೇಳಿ. ಕೋಚ್‌ಗೆ ನೋವು ಕಾಣುವುದಿಲ್ಲ, ನೀವು ಹೇಳಿದರೆ ಮಾತ್ರ ಗೊತ್ತಾಗುವುದು. ಇಷ್ಟು ಕೇಳಿದ ಮೇಲೂ ‘ನೋವು ತಡೆದು ಓಡಿ, ಹೋಗುತ್ತದೆ’ ಅನ್ನುವ ಜಾಗವಾದರೆ ಮಾತ್ರ ಬೇರೆ ಗುಂಪು ಹುಡುಕಿ. ಎಲ್ಲರೂ ಟ್ರ್ಯಾಕ್‌ನಲ್ಲಿ ಇಂಟರ್ವಲ್ ಮಾಡುವ ದಿನ ನೀವು ಹೊರಗಿನ ಲೇನ್‌ನಲ್ಲಿ ನಿಮ್ಮ ಒಂದು ನಿಮಿಷದ ಪಾಠ ಮಾಡಿಕೊಳ್ಳಬಹುದು. ಆಗಾಗ ದಿಕ್ಕು ಬದಲಿಸಿ, ತಿರುವಿನಲ್ಲಿ ಒಂದೇ ಕಾಲಿಗೆ ಹೊರೆ ಬೀಳಬಾರದು. ರಸ್ತೆಯಲ್ಲೂ ಹಾಗೇ, ಅಂಚಿಗೆ ಇಳಿಜಾರು ಇರುವ ಕಡೆ ಯಾವಾಗಲೂ ಒಂದೇ ಬದಿ ಓಡಬೇಡಿ.

ಶೂ ಈಗ ಬದಲಿಸಬೇಡಿ. ಹಿಮ್ಮಡಿ ಮುಂಗಾಲಿಗಿಂತ 8ರಿಂದ 10 ಮಿ.ಮೀ. ಎತ್ತರ ಇರುವ ಮಾಮೂಲಿ ಶೂ ಇದ್ದರೆ ಅದನ್ನೇ ಹಾಕಿ, ಹುರಿಗೆ ಅಷ್ಟು ಬಿಡುವು ಸಿಗುತ್ತದೆ. ಗುಂಪಿನಲ್ಲಿ ಯಾರೋ ಚಪ್ಪಟೆ ಶೂ ಹಾಕಿದ್ದಾರೆ ಅಂತ ಕೊಳ್ಳಬೇಡಿ. ಸವೆದು ತೆಳ್ಳಗಾದ ಹವಾಯಿ ಚಪ್ಪಲಿಯಲ್ಲಿ ದಿನವಿಡೀ ಓಡಾಡುವ ಅಭ್ಯಾಸ ಇದ್ದರೆ, ಈ ಕೆಲವು ವಾರ ಸ್ವಲ್ಪ ಹಿಮ್ಮಡಿ ಇರುವುದನ್ನು ಹಾಕಿ.

ಕೆಲವು ಲಕ್ಷಣಗಳಿಗೆ ಕಾಯಬಾರದು. ಮೂಳೆಯ ಮೇಲೆ ಒಂದು ಬೆರಳಿನಲ್ಲಿ ಇಲ್ಲೇ ಅಂತ ತೋರಿಸಬಹುದಾದ ನೋವು, ರಾತ್ರಿ ಮಲಗಿದಾಗಲೂ ಬಿಡದ ನೋವು, ಒಂಟಿಕಾಲಲ್ಲಿ ಕುಪ್ಪಳಿಸಲು ಆಗದ ನೋವು ಇದ್ದರೆ ಓಟ ನಿಲ್ಲಿಸಿ ಮೂಳೆ ವೈದ್ಯರನ್ನು ನೋಡಿ. ಆರಂಭದ ಬಿರುಕು ಎಕ್ಸ್‌ರೇಯಲ್ಲಿ ಕಾಣದೆ ಇರಬಹುದು, ಅದಕ್ಕೆ ‘ಎಕ್ಸ್‌ರೇ ಸರಿಯಿದೆ’ ಅಂತ ಮತ್ತೆ ಓಡಲು ಹೊರಡಬೇಡಿ. ಹಿಂದಿನಿಂದ ಯಾರೋ ಒದ್ದ ಹಾಗೆ ಫಟ್ ಅಂತ ಆಗಿ ಹಿಮ್ಮಡಿ ಎತ್ತಲು ಆಗದಿದ್ದರೆ ಹುರಿ ಕಡಿದಿರಬಹುದು, ಅದೇ ದಿನ ಹೋಗಿ. ಒಂದೇ ಮೀನಖಂಡ ಊದಿ, ಬಿಸಿಯಾಗಿ, ನೋಯುತ್ತಿದ್ದರೆ ರಕ್ತ ಹೆಪ್ಪುಗಟ್ಟಿರುವ ಸಾಧ್ಯತೆ ಇದೆ, ಅದನ್ನು ಒತ್ತಿ ತಿಕ್ಕದೆ ತಕ್ಷಣ ಆಸ್ಪತ್ರೆಗೆ ಹೋಗಿ. ಇದನ್ನು ಓದುತ್ತಿರುವ ಹೆಣ್ಣುಮಕ್ಕಳಿಗೆ ಒಂದು ಮಾತು: ತರಬೇತಿ ಹೆಚ್ಚಾದ ಮೇಲೆ ಮುಟ್ಟು ನಿಂತರೆ ಅಥವಾ ಏರುಪೇರಾದರೆ ಅದನ್ನು ಫಿಟ್‌ನೆಸ್‌ನ ಗುರುತು ಅಂದುಕೊಳ್ಳಬೇಡಿ. ಊಟ ಓಟಕ್ಕೆ ಸಾಲುತ್ತಿಲ್ಲದಿರಬಹುದು, ಅಂಥ ಹೊತ್ತಿನಲ್ಲಿ ಮೂಳೆ ಬೇಗ ಬಿರುಕು ಬಿಡುತ್ತದೆ. ವೈದ್ಯರಿಗೆ ತೋರಿಸಿ.

ಹಾಫ್ ಮ್ಯಾರಥಾನ್ ಬಗ್ಗೆ ಈಗಲೇ ಹಣ ಕಟ್ಟಬೇಡಿ. ಎಂಟನೇ ವಾರದ ಕೊನೆಗೆ ಬೆಳಗಿನ ಬಿಗಿತ ಒಂದು ಎರಡಕ್ಕೆ ಇಳಿದಿದ್ದು, ವಾರಕ್ಕೆ 28ರಿಂದ 30 ಕಿ.ಮೀ. ಆರಾಮವಾಗಿ ಆಗುತ್ತಿದ್ದರೆ, ಉಳಿದ ಎರಡು ತಿಂಗಳಲ್ಲಿ 21 ಕಿ.ಮೀ.ಗೆ ನಿಧಾನವಾಗಿ ತಯಾರಾಗಬಹುದು. ಆದರೆ ಆ ದಿನದ ಓಟದಲ್ಲಿ ಹೆಜ್ಜೆ ಹೇಗೆ ಬರುತ್ತದೋ ಹಾಗೆ ಓಡಿ, ಕೊನೆಯ ಐದು ಕಿ.ಮೀ.ಯಲ್ಲಿ ಹಿಮ್ಮಡಿ ಊರಿದರೂ ಪರವಾಗಿಲ್ಲ. ಅಷ್ಟರೊಳಗೆ ಬಿಗಿತ ಇಳಿಯದಿದ್ದರೆ 10 ಕಿ.ಮೀ. ಓಡಿ, ಹಾಫ್ ಮುಂದಿನ ಸಲಕ್ಕಿರಲಿ.

ಈ ಭಾನುವಾರ ಎಂದಿನಂತೆ ಪಾರ್ಕಿಗೆ ಹೋಗಿ. ಗುಂಪಿಗಿಂತ ಇಪ್ಪತ್ತು ನಿಮಿಷ ಮೊದಲೇ ತಲುಪಿ, ಹತ್ತು ನಿಮಿಷ ನಡೆದು, ಬಲಗಾಲಿನ ಹೆಜ್ಜೆ ಎಣಿಸಿ ನಿಮ್ಮ ಸಂಖ್ಯೆ ಬರೆದಿಟ್ಟುಕೊಳ್ಳಿ. ಎಲ್ಲರೂ ಹೊರಟಾಗ ನಿಧಾನದವರ ಜೊತೆ ಹೊರಟು, ಐದು ಕಿ.ಮೀ.ಗೆ ನಿಲ್ಲಿಸಿ. ಅವರು 14 ಮುಗಿಸಿ ಬರುವವರೆಗೆ ಬೆಂಚಿನ ಹಿಂಬದಿ ಹಿಡಿದು ಹಿಮ್ಮಡಿ ಎತ್ತುತ್ತಿರಿ, ಆಮೇಲೆ ಎಲ್ಲರ ಜೊತೆ ಇಡ್ಲಿಗೆ ಹೋಗಿ.